ಬಲಗಡೆಯ ಎತ್ತು

ಐರ್ಲೆಂಡಿನ ಲಿಮರಿಕ್‌ನಲ್ಲಿ ನಾನಿದ್ದ ಮನೆಯ ಮಾಲೀಕರು ನನಗೆ ರಗ್ಬಿ ನೋಡುವುದನ್ನು ಕಲಿಸಿದರು. ಅವರ ಮೊದಲ ಪಾಠ, ಚೆಂಡನ್ನು ನೋಡಬೇಡ ಅನ್ನುವುದು.

2008ರ ಮೇ ತಿಂಗಳು. ನಾನು ಐರ್ಲೆಂಡಿಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಮಾಲೀಕರು ಜೀವನವಿಡೀ ಹಾಲಿನ ದನ ಸಾಕಿದವರು. ವಯಸ್ಸಾದ ಮೇಲೆ ದನ ಮಾರಿ, ಊರಂಚಿನ ಮನೆಯಲ್ಲಿ ಕೆಳಗೆ ತಾವಿದ್ದುಕೊಂಡು ಮಹಡಿಯನ್ನು ನನಗೆ ಬಾಡಿಗೆಗೆ ಕೊಟ್ಟಿದ್ದರು. ಅವತ್ತು ಹೈನಕೆನ್ ಕಪ್ ಫೈನಲ್. ಯುರೋಪಿನ ರಗ್ಬಿ ಕ್ಲಬ್‌ಗಳಿಗೆ ಅದಕ್ಕಿಂತ ದೊಡ್ಡ ಕಪ್ ಇರಲಿಲ್ಲ. ವೇಲ್ಸ್‌ನ ಕಾರ್ಡಿಫ್‌ನಲ್ಲಿ ನಮ್ಮ ಪ್ರಾಂತ್ಯದ ಮನ್‌ಸ್ಟರ್ ತಂಡಕ್ಕೂ ಫ್ರಾನ್ಸಿನ ಟುಲೂಸ್‌ಗೂ ಪಂದ್ಯ. ಲಿಮರಿಕ್‌ನಲ್ಲಿ ಅಂಗಡಿ, ಬಸ್ಸು, ಬೇಲಿ ಎಲ್ಲಾ ಮನ್‌ಸ್ಟರ್‌ನ ಬಣ್ಣ, ಕೆಂಪು. "ಕೆಳಗೆ ಬಾ, ಒಟ್ಟಿಗೆ ನೋಡೋಣ" ಅಂತ ಕರೆದರು.

ನಾನು ಕ್ರಿಕೆಟ್ ನೋಡಿ ಬೆಳೆದವನು. ಕಣ್ಣು ಚೆಂಡಿನ ಹಿಂದೆಯೇ ಓಡುತ್ತಿತ್ತು. ಹತ್ತು ನಿಮಿಷ ಆದಮೇಲೆ ಅವರು ಟೀವಿಗೆ ಬೆರಳು ತೋರಿಸಿ ಹೇಳಿದರು: "ಚೆಂಡು ಬಿಡು. ಮೂರನೇ ನಂಬರ್ ಅಂಗಿ ಹಾಕಿಕೊಂಡಿದ್ದಾನಲ್ಲ, ಅವನನ್ನು ನೋಡು. ಇವತ್ತು ಅವನೊಬ್ಬನನ್ನೇ ನೋಡು."

ಅವನು ಜಾನ್ ಹೇಯ್ಸ್. ಆರಡಿ ನಾಲ್ಕಂಗುಲ ಎತ್ತರ, 120 ಕಿಲೋ ದಾಟಿದ ಮೈ, ಕ್ಷೌರ ಮಾಡಿಸಿದ ತಲೆ. ನಾನು ಪಂದ್ಯ ಪೂರ್ತಿ ಅವನನ್ನೇ ನೋಡಿದೆ. ಅವನು ಚೆಂಡು ಹಿಡಿದು ಓಡಿದ್ದು ನನಗೆ ನೆನಪಿಲ್ಲ. ಅಂಕ ಗಳಿಸಲಿಲ್ಲ. ಕ್ಯಾಮೆರಾ ಅವನ ಮುಖಕ್ಕೆ ಬಂದದ್ದೇ ಕಡಿಮೆ. ಬಾಗುತ್ತಿದ್ದ, ತಳ್ಳುತ್ತಿದ್ದ, ಏಳುತ್ತಿದ್ದ, ಯಾರನ್ನೋ ಎತ್ತುತ್ತಿದ್ದ, ಮತ್ತೆ ಬಾಗುತ್ತಿದ್ದ. ಮನ್‌ಸ್ಟರ್ 16-13ರಿಂದ ಗೆದ್ದಿತು. ಮಾಲೀಕರು ಕಣ್ಣು ಒರೆಸಿಕೊಂಡು ಚಹಾ ಮಾಡಲು ಎದ್ದರು.

ಅವತ್ತು ರಾತ್ರಿ ನನಗೆ ನೆನಪಾದದ್ದು ನಮ್ಮ ತಾತನ ಎತ್ತುಗಳು.

ಚನ್ನರಾಯಪಟ್ಟಣದ ಕಡೆ ನಮ್ಮೂರು. ತಾತನ ಹತ್ತಿರ ಒಂದು ಹಳ್ಳಿಕಾರ್ ಜೋಡಿ ಇತ್ತು. ಚಿಕ್ಕವನಿದ್ದಾಗ ಒಂದು ಸಲ, ಸಹಾಯ ಮಾಡೋಣ ಅಂತ, ನಾನೇ ಎತ್ತುಗಳನ್ನು ನೊಗದ ಹತ್ತಿರ ತಂದು ನಿಲ್ಲಿಸಿದ್ದೆ. ತಾತ ಬಂದು ನೋಡಿ, ಏನೂ ಬೈಯದೆ, ಎರಡನ್ನೂ ಬಿಡಿಸಿ ಜಾಗ ಬದಲಿಸಿ ಕಟ್ಟಿದರು. "ಇದು ಬಲಗಡೆ ಎತ್ತು ಮಗ. ಎಡಕ್ಕೆ ಕಟ್ಟಿದ್ರೆ ನಡೆಯಲ್ಲ." ನನಗೆ ಆಶ್ಚರ್ಯ ಆಗಿತ್ತು. ಎರಡೂ ಒಂದೇ ಥರ ಇವೆ, ಒಂದೇ ನೊಗ, ಒಂದೇ ನೇಗಿಲು. ಎಡ ಆದರೇನು, ಬಲ ಆದರೇನು? ಆದರೆ ವರ್ಷಗಟ್ಟಲೆ ಒಂದೇ ಕಡೆ ಪಳಗಿದ ಕತ್ತು, ಹೆಗಲು, ಹೆಜ್ಜೆ, ಇನ್ನೊಂದು ಕಡೆಗೆ ಬರುವುದಿಲ್ಲ. ಬಲವಂತ ಮಾಡಿದರೆ ಸಾಲು ಸೊಟ್ಟ ಆಗುತ್ತದೆ, ಇಲ್ಲವೇ ಎತ್ತಿನ ಹೆಗಲು ಕೆಡುತ್ತದೆ.

ರಗ್ಬಿಯ ಸ್ಕ್ರಮ್ ನನಗೆ ಅರ್ಥವಾದದ್ದು ಈ ನೊಗದಿಂದಲೇ.

ಸಣ್ಣ ತಪ್ಪಾಗಿ ಆಟ ನಿಂತಾಗ ಎರಡೂ ತಂಡದ ಎಂಟೆಂಟು ಜನ ಎದುರುಬದುರು ಕೂಡಿಕೊಂಡು ತಳ್ಳುತ್ತಾರೆ. ಮುಂದಿನ ಸಾಲಿನಲ್ಲಿ ಮೂವರು. ನಡುವೆ ಹುಕರ್. ಚೆಂಡನ್ನು ಕಾಲಿನಿಂದ ಹಿಂದಕ್ಕೆ ಎಳೆಯುವವನು ಅವನು. ಅವನ ಎರಡೂ ಪಕ್ಕದಲ್ಲಿ ಇಬ್ಬರು ಪ್ರಾಪ್‌ಗಳು. ಪ್ರಾಪ್ ಅಂದರೆ ಆಸರೆ, ಊರುಗೋಲು. ಗೊನೆ ಬಿಟ್ಟ ಬಾಳೆ ಬಾಗದ ಹಾಗೆ ಕೋಲು ಕೊಡುತ್ತೇವಲ್ಲ, ಅದೇ. ಎಡಗಡೆಯವನು ಒಂದನೇ ನಂಬರ್, ಲೂಸ್‌ಹೆಡ್. ಅವನ ತಲೆಯ ಎಡಪಕ್ಕ ಖಾಲಿ, ಅಲ್ಲಿ ಎದುರಾಳಿ ಇರುವುದಿಲ್ಲ. ಬಲಗಡೆಯವನು ಮೂರನೇ ನಂಬರ್, ಟೈಟ್‌ಹೆಡ್. ಅವನ ತಲೆ ಎದುರಾಳಿ ಹುಕರ್ ಮತ್ತು ಎದುರಾಳಿ ಪ್ರಾಪ್ ನಡುವೆ ಸಿಕ್ಕಿಕೊಳ್ಳುತ್ತದೆ. ಎರಡೂ ಹೆಗಲ ಮೇಲೆ ಎದುರಿನವರ ಭಾರ. ಹಿಂದಿನಿಂದ ತನ್ನದೇ ತಂಡದವರ ನೂಕು. ಅವನ ಬೆನ್ನು ನೆಟ್ಟಗೆ ಇರಬೇಕು. ಅದು ಒಂದು ಸಲ ಮಡಚಿತು ಅಂದರೆ ಇಡೀ ಬಲಗಡೆ ಕುಸಿಯುತ್ತದೆ. ರೆಫರಿ ಪೆನಾಲ್ಟಿ ಕೊಡುತ್ತಾನೆ, ಮೂರು ಅಂಕ ಹೋಗುತ್ತದೆ. ಕುಸಿಯದೇ ಇದ್ದರೆ? ಏನೂ ಆಗುವುದಿಲ್ಲ. ಆಟ ಮುಂದುವರಿಯುತ್ತದೆ. ಚೆಂಡು ಹಿಂದಿನಿಂದ ಹೊರಗೆ ಬರುತ್ತದೆ, ಯಾರೋ ಓಡುತ್ತಾರೆ, ಜನ ಕೂಗುತ್ತಾರೆ.

ಒಳ್ಳೆಯ ಟೈಟ್‌ಹೆಡ್‌ನ ಲೆಕ್ಕ ಬರೆಯುವುದು ಕಷ್ಟ ಆಗುವುದು ಇಲ್ಲೇ. ಅವನು ಮಾಡಿದ್ದು ಏನು ಅಂತ ಕೇಳಿದರೆ, ಏನೂ ಆಗದ ಹಾಗೆ ನೋಡಿಕೊಂಡ ಅಂತ ಹೇಳಬೇಕು.

ಹೇಯ್ಸ್ ಹುಟ್ಟಿದ್ದು 1973ರಲ್ಲಿ. ಊರು ಲಿಮರಿಕ್ ಕೌಂಟಿಯ ಪೂರ್ವಕ್ಕಿರುವ ಕ್ಯಾಪಮೋರ್. ಅದು ಒಳ್ಳೆ ಹುಲ್ಲು ಬೆಳೆಯುವ, ದನ ಸಾಕುವ ನಾಡು. ಮಳೆ ಜಾಸ್ತಿ. ಎತ್ತ ನೋಡಿದರೂ ಹಸಿರು ಗದ್ದೆಯಂಥ ಹುಲ್ಲುಗಾವಲು, ಮುಳ್ಳುಬೇಲಿ, ಕೆಸರು ದಾರಿ. ಅಲ್ಲಿಯ ಹುಡುಗರ ಆಟ ಹರ್ಲಿಂಗ್ ಮತ್ತು ಗೇಲಿಕ್ ಫುಟ್ಬಾಲ್, ಐರ್ಲೆಂಡಿನ ಸ್ವಂತ ಆಟಗಳು. ರಗ್ಬಿ ಅಲ್ಲ. ಐರ್ಲೆಂಡಿನ ಬೇರೆ ಕಡೆ ರಗ್ಬಿ ಅಂದರೆ ದೊಡ್ಡ ಶುಲ್ಕದ ಶಾಲೆಗಳ ಆಟ. ಲಿಮರಿಕ್ ನಗರದಲ್ಲಿ ಮಾತ್ರ ಅದು ಎಲ್ಲರ ಆಟ. ಬಂದರಿನ ಕೂಲಿಯವನೂ ಡಾಕ್ಟರೂ ಒಂದೇ ತಂಡದಲ್ಲಿ ಆಡಿದ್ದಾರೆ ಅಂತ ಅಲ್ಲಿಯವರು ಬಹಳ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಕ್ಯಾಪಮೋರ್ ನಗರವಲ್ಲ. ಹೇಯ್ಸ್ ರಗ್ಬಿ ಚೆಂಡು ಹಿಡಿದದ್ದೇ ಹದಿನೆಂಟರ ಹೊತ್ತಿಗೆ, ಬ್ರಫ್ ಅನ್ನುವ ಹತ್ತಿರದ ಸಣ್ಣ ಊರಿನ ಕ್ಲಬ್‌ನಲ್ಲಿ.

ಹದಿನೆಂಟು ಅಂದರೆ ತಡ. ಮುಂದೆ ಅವನ ಜೊತೆ ದೇಶಕ್ಕೆ ಆಡಿದವರಲ್ಲಿ ಅನೇಕರು ಆ ವಯಸ್ಸಿಗೆ ಹತ್ತು ವರ್ಷ ಆಡಿ ಮುಗಿಸಿದ್ದರು. ಅವನು ಮೊದಲು ನಿಂತದ್ದು ಎರಡನೇ ಸಾಲಿನಲ್ಲಿ, ಲಾಕ್ ಆಗಿ. ಎತ್ತರದವರ ಜಾಗ ಅದು. ಆಮೇಲೆ 1990ರ ದಶಕದ ಮಧ್ಯದಲ್ಲಿ ನ್ಯೂಜಿಲೆಂಡಿಗೆ ಹೋದ. ದಕ್ಷಿಣದ ತುತ್ತತುದಿಯ ಇನ್ವರ್‌ಕಾರ್ಗಿಲ್ ಊರು. ಅಲ್ಲೂ ದನ, ಕುರಿ, ಗಾಳಿ, ಮಳೆ. ಅಲ್ಲಿಯ ಕ್ಲಬ್‌ನಲ್ಲಿ ಆಡಿ, ತಿಂದು, ದುಡಿದು, ಇನ್ನೂ ದಪ್ಪ ಆಗಿ ವಾಪಸ್ ಬಂದ. ಅವನು ಹಾಗೆ ಬೆಳೆಯುತ್ತಿದ್ದ ವರ್ಷಗಳಲ್ಲೇ, 1995ರಲ್ಲಿ, ರಗ್ಬಿ ಯೂನಿಯನ್ ಮೊದಲ ಸಲ ಸಂಬಳದ ಆಟ ಆಯಿತು. ಹತ್ತು ವರ್ಷ ಮುಂಚೆ ಹುಟ್ಟಿದ್ದರೆ ಅವನು ವಾರವಿಡೀ ಕೊಟ್ಟಿಗೆಯಲ್ಲಿ ದುಡಿದು ಶನಿವಾರ ಆಡುವ ಮನುಷ್ಯ ಆಗುತ್ತಿದ್ದ. ನನ್ನ ಮಾಲೀಕರು ಹಾಗೇ ಆಡಿದವರು.

ಲಿಮರಿಕ್‌ನ ಶ್ಯಾನನ್ ಕ್ಲಬ್, ಅಲ್ಲಿಂದ ಮನ್‌ಸ್ಟರ್, ಅಲ್ಲಿಂದ ದೇಶ. ಹೇಳುವುದಕ್ಕೆ ಒಂದು ಸಾಲು. ಆದರೆ ಲಾಕ್ ಆಗಿದ್ದವನು ಪ್ರಾಪ್ ಆಗುವುದು ಸಣ್ಣ ವಿಷಯ ಅಲ್ಲ. ಸ್ಕ್ರಮ್‌ನಲ್ಲಿ ಗಿಡ್ಡ, ಗಟ್ಟಿ ಬೆನ್ನು ಬೇಕು. ಉದ್ದ ಬೆನ್ನನ್ನು ಬಗ್ಗಿಸುವುದು ಎದುರಾಳಿಗೆ ಸುಲಭ. ಉದ್ದ ಗಳ ಬೇಗ ಬಾಗುತ್ತದೆ ಅಲ್ವಾ, ಹಾಗೆ. ಹೇಯ್ಸ್ ಪ್ರಾಪ್ ಆಗುವುದಕ್ಕೆ ತುಂಬಾ ಎತ್ತರದವನು. ಪ್ರತಿ ಸ್ಕ್ರಮ್‌ನಲ್ಲೂ ತನ್ನ ಮೈಯ ಅಳತೆಯ ವಿರುದ್ಧವೇ ಕೆಲಸ ಮಾಡಬೇಕಿತ್ತು. ಅವನಿಗಿಂತ ಚೆನ್ನಾಗಿ ಸ್ಕ್ರಮ್ ಮಾಡುವವರು ಫ್ರಾನ್ಸಿನಲ್ಲಿ, ಅರ್ಜೆಂಟೀನಾದಲ್ಲಿ, ಇಂಗ್ಲೆಂಡಿನಲ್ಲಿ ಇದ್ದರು. ಅವನ ಬಗ್ಗೆ ಈ ಟೀಕೆ ಕೊನೆವರೆಗೂ ಇತ್ತು, ಅದರಲ್ಲಿ ನಿಜವೂ ಇತ್ತು. ಕೆಲವು ದಿನ ಅವನನ್ನು ಹಿಂದಕ್ಕೆ ನೂಕಿದರು. ಮುಂದಿನ ವಾರ ಮತ್ತೆ ಅದೇ ಜಾಗದಲ್ಲಿ ಬಂದು ಬಾಗಿದ.

ಆ ಎತ್ತರ ಅವನಿಗೆ ಕೊಟ್ಟದ್ದು ಬೇರೆಯದು. ಚೆಂಡು ಮೈದಾನದ ಪಕ್ಕದ ಗೆರೆಯ ಆಚೆ ಹೋದರೆ ಲೈನ್‌ಔಟ್. ಎರಡೂ ತಂಡದವರು ಸಾಲಾಗಿ ನಿಲ್ಲುತ್ತಾರೆ, ಹುಕರ್ ಚೆಂಡು ಎಸೆಯುತ್ತಾನೆ, ಒಬ್ಬ ನೆಗೆಯುತ್ತಾನೆ, ಇಬ್ಬರು ಅವನನ್ನು ಹಿಡಿದು ಮೇಲಕ್ಕೆ ಎತ್ತುತ್ತಾರೆ. ಪಾಲ್ ಓಕಾನಲ್ ಅನ್ನುವ ದೈತ್ಯ, ನೂರು ಕಿಲೋಗೂ ಜಾಸ್ತಿ ತೂಕದವನು, ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತಿದ್ದ. ನಿಂತದ್ದು ಗಾಳಿಯಲ್ಲಲ್ಲ, ಹೇಯ್ಸ್‌ನ ಕೈ ಮೇಲೆ. ಮನ್‌ಸ್ಟರ್ ಮತ್ತು ಐರ್ಲೆಂಡ್ ಹತ್ತು ವರ್ಷ ಲೈನ್‌ಔಟ್‌ನಲ್ಲಿ ಅಷ್ಟು ಗಟ್ಟಿಯಾಗಿದ್ದಕ್ಕೆ ನೆಗೆದವರಿಗೆ ಹೊಗಳಿಕೆ ಸಿಕ್ಕಿತು. ಎತ್ತಿದವನ ಬಗ್ಗೆ ತಂಡದವರು ಮಾತಾಡಿದರು, ಉಳಿದವರು ಅಷ್ಟಾಗಿ ಮಾತಾಡಲಿಲ್ಲ.

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು 'ದಿ ಬುಲ್' ಅಂತ. ಗೂಳಿ. ಆ ಹೆಸರು ನನಗೆ ಮೊದಲಿನಿಂದಲೂ ಒಪ್ಪಿಗೆ ಆಗಲಿಲ್ಲ. ಗೂಳಿ ಅಂದರೆ ನಮ್ಮ ಕಡೆ ತನ್ನಿಷ್ಟಕ್ಕೆ ತಿರುಗುವ, ಯಾರ ನೊಗಕ್ಕೂ ಕತ್ತು ಕೊಡದ ಪ್ರಾಣಿ. ಹೇಯ್ಸ್ ಎತ್ತು. ಕನ್ನಡದಲ್ಲಿ ಎತ್ತು ಅಂದರೆ ನೊಗ ಹೊರುವ ಪ್ರಾಣಿಯೂ ಹೌದು, ಮೇಲಕ್ಕೆ ಎತ್ತುವ ಕೆಲಸವೂ ಹೌದು. ಸ್ಕ್ರಮ್‌ನಲ್ಲಿ ಒಂದು, ಲೈನ್‌ಔಟ್‌ನಲ್ಲಿ ಇನ್ನೊಂದು. ಅವನ ಇಡೀ ಆಟ ನಮ್ಮ ಆ ಒಂದು ಪದದಲ್ಲಿದೆ. ಮಾಲೀಕರಿಗೆ ಇದನ್ನು ವಿವರಿಸಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಆ ಪದವನ್ನು ತಾವೇ ಎರಡು ಸಲ ಹೇಳಿ ನೋಡಿದರು.

ಅವನು ದೇಶಕ್ಕೆ ಮೊದಲು ಆಡಿದ್ದು 2000ದ ಫೆಬ್ರವರಿ 19ರಂದು, ಡಬ್ಲಿನ್‌ನ ಲ್ಯಾನ್ಸ್‌ಡೌನ್ ರೋಡ್ ಮೈದಾನದಲ್ಲಿ, ಸ್ಕಾಟ್ಲೆಂಡ್ ವಿರುದ್ಧ. ಆಗ ಅವನಿಗೆ 26. ಐರ್ಲೆಂಡ್ ರಗ್ಬಿಯ ಸ್ಥಿತಿ ಆಗ ತುಂಬಾ ಕೆಟ್ಟಿತ್ತು. 1999ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ಕೈಯಲ್ಲಿ ಸೋತು ಕ್ವಾರ್ಟರ್ ಫೈನಲ್ಲಿಗೂ ಹೋಗಿರಲಿಲ್ಲ. ಎರಡು ವಾರದ ಹಿಂದೆ ಇಂಗ್ಲೆಂಡ್ 50-18ರಿಂದ ಹೊಡೆದು ಕಳಿಸಿತ್ತು. ಕೋಚ್ ವಾರನ್ ಗ್ಯಾಟ್‌ಲ್ಯಾಂಡ್ ಒಂದೇ ದಿನ ಐದು ಹೊಸ ಹುಡುಗರನ್ನು ಇಳಿಸಿದರು. ಪೀಟರ್ ಸ್ಟ್ರಿಂಗರ್, ರೋನನ್ ಓಗಾರ, ಶೇನ್ ಹೋರ್ಗನ್, ಸೈಮನ್ ಈಸ್ಟರ್‌ಬಿ, ಜಾನ್ ಹೇಯ್ಸ್. ಐರ್ಲೆಂಡ್ 44-22ರಿಂದ ಗೆದ್ದಿತು. ಮುಂದಿನ ಹತ್ತು ವರ್ಷದ ಐರ್ಲೆಂಡ್ ತಂಡ ಹುಟ್ಟಿದ್ದು ಆ ಮಧ್ಯಾಹ್ನ ಅಂತ ಮಾಲೀಕರು ಹೇಳುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತದೆ.

ಆಮೇಲೆ ಶುರುವಾದದ್ದು ನನಗೆ ಇವತ್ತಿಗೂ ನಂಬಲು ಕಷ್ಟ. ಆ ದಿನದಿಂದ 2010ರವರೆಗೆ, ಯುರೋಪಿನ ಆರು ದೇಶಗಳು ಪ್ರತಿ ವರ್ಷ ಆಡುವ ಸಿಕ್ಸ್ ನೇಷನ್ಸ್ ಟೂರ್ನಿಯಲ್ಲಿ ಐರ್ಲೆಂಡ್ ಆಡಿದ 54 ಪಂದ್ಯಗಳಲ್ಲಿ ಅವನು ಒಂದನ್ನೂ ತಪ್ಪಿಸಲಿಲ್ಲ. ಆಟದಲ್ಲೇ ಮೈಗೆ ಅತಿ ಕಷ್ಟದ ಜಾಗ ಅದು. ಕತ್ತು, ಬೆನ್ನು, ಮಂಡಿ, ಕಿವಿ ಎಲ್ಲಾ ಸವೆಯುವ ಜಾಗ. ಹನ್ನೊಂದು ಟೂರ್ನಿ, ಒಬ್ಬನೇ ಮನುಷ್ಯ. ಅವನಿಗೆ ಗಾಯ ಆಗಿರಲಿಲ್ಲ ಅಂತ ಅಲ್ಲ, ನೋವಿರಲಿಲ್ಲ ಅಂತ ಖಂಡಿತ ಅಲ್ಲ. ಅವನ ಹಿಂದೆ ಬಲಗಡೆಗೆ ಪಳಗಿದ ಇನ್ನೊಬ್ಬ ಇರಲಿಲ್ಲ. ನನ್ನ ಅಭಿಪ್ರಾಯ ಹೇಳುವುದಾದರೆ, ಇದು ಹೊಗಳಿಕೆಯ ವಿಷಯ ಆಗಿದ್ದಷ್ಟೇ ಐರ್ಲೆಂಡ್ ರಗ್ಬಿಯನ್ನು ನಡೆಸುವವರು ತಲೆ ಕೆಡಿಸಿಕೊಳ್ಳಬೇಕಾಗಿದ್ದ ವಿಷಯವೂ ಹೌದು. ಒಂದೇ ಎತ್ತಿನ ಮೇಲೆ ಹತ್ತು ವರ್ಷ ಉಳುಮೆ ಮಾಡಿದರು.

ಮನ್‌ಸ್ಟರ್ ಜೊತೆ ಅವನು ಎರಡು ಫೈನಲ್ ಸೋತ. 2000ದಲ್ಲಿ ನಾರ್ಥಾಂಪ್ಟನ್ ಎದುರು ಒಂದೇ ಅಂಕದಿಂದ. 2002ರಲ್ಲಿ ಲೆಸ್ಟರ್ ಎದುರು. 2006ರಲ್ಲಿ ಕಾರ್ಡಿಫ್‌ನಲ್ಲಿ ಬಿಯಾರಿಟ್ಜ್ ತಂಡವನ್ನು 23-19ರಿಂದ ಸೋಲಿಸಿ ಕಪ್ ಗೆದ್ದರು. ಆ ಪಂದ್ಯದ ನಡುವೆ ಕ್ರೀಡಾಂಗಣದ ದೊಡ್ಡ ಪರದೆಯಲ್ಲಿ ಲಿಮರಿಕ್‌ನ ಓಕಾನಲ್ ಬೀದಿಯನ್ನು ತೋರಿಸಿದರು. ಬೀದಿ ತುಂಬಾ ಜನ, ಕೆಂಪು ಬಿಟ್ಟರೆ ಬೇರೆ ಬಣ್ಣ ಇಲ್ಲ. ಊರಿನಲ್ಲಿ ಉಳಿದವರು ತಮಗಾಗಿ ಹೀಗೆ ನಿಂತಿದ್ದಾರೆ ಅಂತ ಕಾರ್ಡಿಫ್‌ನಲ್ಲಿದ್ದವರಿಗೆ ಕಂಡಿತು. ನಾನು ಆಗ ಅಲ್ಲಿರಲಿಲ್ಲ. ಆದರೆ ನಾನಿದ್ದ ನಾಲ್ಕೂವರೆ ವರ್ಷದಲ್ಲಿ ಅದರ ಬಗ್ಗೆ ಎಷ್ಟು ಸಲ ಕೇಳಿದ್ದೇನೆ ಅಂದರೆ, ಆ ಬೀದಿಯಲ್ಲಿ ನಾನೂ ನಿಂತಿದ್ದೆ ಅನ್ನಿಸುತ್ತದೆ.

ಕ್ರೋಕ್ ಪಾರ್ಕ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ.

ಡಬ್ಲಿನ್‌ನ ಕ್ರೋಕ್ ಪಾರ್ಕ್ ಗೇಲಿಕ್ ಆಟಗಳ ಮೈದಾನ. 1920ರ ನವೆಂಬರ್ 21ರಂದು ಅಲ್ಲಿ ಗೇಲಿಕ್ ಫುಟ್ಬಾಲ್ ಪಂದ್ಯ ನಡೆಯುವಾಗ ಬ್ರಿಟಿಷರ ಪಡೆ ಒಳಗೆ ನುಗ್ಗಿ ಗುಂಡು ಹಾರಿಸಿತು. 14 ಜನ ಸತ್ತರು. ಒಬ್ಬ ಆಟಗಾರನೂ ಸತ್ತ. ಜಲಿಯನ್‌ವಾಲಾ ಬಾಗ್ ಆಗಿ ಒಂದೂವರೆ ವರ್ಷ ಆಗಿತ್ತು ಆಗ. ಗೇಲಿಕ್ ಸಂಘದ ನಿಯಮದ ಪ್ರಕಾರ ಆ ನೆಲದಲ್ಲಿ ರಗ್ಬಿ, ಫುಟ್ಬಾಲ್ ಆಡುವ ಹಾಗಿರಲಿಲ್ಲ. 2005ರಲ್ಲಿ ಸಂಘದವರು ಮತ ಹಾಕಿ ಆ ನಿಯಮ ಸಡಿಲಿಸಿದರು, ಏಕೆಂದರೆ ಲ್ಯಾನ್ಸ್‌ಡೌನ್ ರೋಡನ್ನು ಕೆಡವಿ ಹೊಸದಾಗಿ ಕಟ್ಟಬೇಕಿತ್ತು. ಹಾಗಾಗಿ 2007ರ ಫೆಬ್ರವರಿ 24ರಂದು ಐರ್ಲೆಂಡ್ ಅಲ್ಲಿ ಇಂಗ್ಲೆಂಡ್ ವಿರುದ್ಧ ಆಡಿತು. ಆ ನೆಲದಲ್ಲಿ ಇಂಗ್ಲೆಂಡಿನ ರಾಷ್ಟ್ರಗೀತೆ. ಜನ ಕೂಗುತ್ತಾರೋ ಏನೋ ಅಂತ ವಾರಗಟ್ಟಲೆ ಚರ್ಚೆ ಆಗಿತ್ತು. 80 ಸಾವಿರಕ್ಕೂ ಹೆಚ್ಚು ಜನ ಗೌರವದಿಂದ ನಿಂತು ಕೇಳಿದರು. ಆಮೇಲೆ ತಮ್ಮ ಹಾಡು ಬಂದಾಗ ಮೈದಾನವೇ ಹಾಡಿತು.

ಆ ಹೊತ್ತಿನಲ್ಲಿ ಕ್ಯಾಮೆರಾ ಆಟಗಾರರ ಸಾಲಿನ ಮೇಲೆ ಸರಿಯುತ್ತಾ ಹೋಯಿತು. ಹೇಯ್ಸ್ ಅಳುತ್ತಿದ್ದ. ಕಣ್ಣಂಚಿನಲ್ಲಿ ನೀರು ಅಲ್ಲ, ಮುಖವೆಲ್ಲ ಒದ್ದೆ. ಹುಕರ್ ಜೆರಿ ಫ್ಲಾನರಿಯೂ ಅಳುತ್ತಿದ್ದ. ಕ್ಯಾಪಮೋರ್‌ನಂಥ ಊರಿನಲ್ಲಿ ಬೆಳೆದ ಹುಡುಗನಿಗೆ ಕ್ರೋಕ್ ಪಾರ್ಕ್ ಅಂದರೆ ದೇವಸ್ಥಾನ. ಅವನ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಹೇಳಲಾರೆ. ಆದರೆ ಅತ್ತು ಮುಗಿಸಿ ಅವನು ಹೋಗಿ ಸ್ಕ್ರಮ್‌ಗೆ ತಲೆ ಕೊಟ್ಟ. ಐರ್ಲೆಂಡ್ 43-13ರಿಂದ ಗೆದ್ದಿತು.

2009ರಲ್ಲಿ ಗ್ರ್ಯಾಂಡ್ ಸ್ಲ್ಯಾಮ್. ಅಂದರೆ ಸಿಕ್ಸ್ ನೇಷನ್ಸ್‌ನ ಎಲ್ಲ ಪಂದ್ಯಗಳನ್ನೂ ಗೆಲ್ಲುವುದು. ಅದಕ್ಕೆ ಮುಂಚೆ ಐರ್ಲೆಂಡ್ ಅದನ್ನು ಸಾಧಿಸಿದ್ದು 1948ರಲ್ಲಿ ಮಾತ್ರ. ಕೊನೆಯ ಪಂದ್ಯ ವೇಲ್ಸ್ ವಿರುದ್ಧ ಕಾರ್ಡಿಫ್‌ನಲ್ಲಿ, 17-15. ಓಗಾರನ ಡ್ರಾಪ್ ಗೋಲ್, ಅಂದರೆ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿಯುವಾಗಲೇ ಒದ್ದು ಕಂಬಗಳ ನಡುವೆ ದಾಟಿಸಿದ್ದು, ಎಲ್ಲರಿಗೂ ನೆನಪಿದೆ. ಮಾಲೀಕರು ಮರುದಿನ ಅದೇ ಪಂದ್ಯವನ್ನು ಮತ್ತೆ ಹಾಕಿ, ಆ ಗೋಲಿನ ಮುಂಚಿನ ನಿಮಿಷಗಳನ್ನು ತೋರಿಸಿದರು. ಲೈನ್‌ಔಟ್. ಅಲ್ಲಿಂದ ಚೆಂಡು ಕೈಗೆ ಸಿಕ್ಕು, ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಒಂದೊಂದು ಗಜ ತಳ್ಳಿಕೊಂಡು ಹೋಗಿ, ಆಮೇಲೆ ಓಗಾರನಿಗೆ ಕೊಟ್ಟದ್ದು. "ಇದು ಇಲ್ಲದೆ ಅದಿಲ್ಲ" ಅಂದರು.

ಅದೇ ವರ್ಷದ ಬೇಸಿಗೆಯಲ್ಲಿ, ಬ್ರಿಟನ್ ಮತ್ತು ಐರ್ಲೆಂಡಿನ ಆಯ್ದ ಆಟಗಾರರ ತಂಡವಾದ ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್‌ನಲ್ಲಿ ಒಬ್ಬ ಪ್ರಾಪ್ ಗಾಯಗೊಂಡು ಇವನಿಗೆ ಕರೆ ಬಂತು. ದಕ್ಷಿಣ ಆಫ್ರಿಕಾ ವಿರುದ್ಧ ಜೊಹಾನ್ಸ್‌ಬರ್ಗ್‌ನ ಮೂರನೇ ಟೆಸ್ಟ್‌ನಲ್ಲಿ ಬದಲಿ ಆಟಗಾರನಾಗಿ ಇಳಿದ. ಗೆದ್ದರು.

ಆ ವರ್ಷವೇ ಅವನ ಬದುಕಿನ ಕೆಟ್ಟ ದಿನವೂ ಬಂತು. ಅಕ್ಟೋಬರ್‌ನಲ್ಲಿ ಡಬ್ಲಿನ್‌ನಲ್ಲಿ, ಆ ಕಡೆಯ ಪ್ರಾಂತ್ಯದ ತಂಡ ಲೆನ್‌ಸ್ಟರ್ ವಿರುದ್ಧ ಪಂದ್ಯ. ಮನ್‌ಸ್ಟರ್ 30-0ರಿಂದ ಸೋತ ಪಂದ್ಯ ಅದು. ನೆಲಕ್ಕೆ ಬಿದ್ದಿದ್ದ ಎದುರಾಳಿಯ ತಲೆಯ ಹತ್ತಿರ ಹೇಯ್ಸ್‌ನ ಬೂಟು ಬಿತ್ತು. ಕೆಂಪು ಕಾರ್ಡ್. ಐದು ವಾರ ನಿಷೇಧ. ಇಷ್ಟು ವರ್ಷ ಒರಟಾಟ ಆಡದೇ ಹೆಸರು ಉಳಿಸಿಕೊಂಡ ಮನುಷ್ಯ. ಮನ್‌ಸ್ಟರ್ ಅಭಿಮಾನಿಗಳು ಬೇಕಾದಷ್ಟು ಕಾರಣ ಹುಡುಕಿದರು. ಮಾಲೀಕರು ಮಾತ್ರ "ತಪ್ಪು ತಪ್ಪೇ. ಅವನಿಗೂ ಗೊತ್ತು" ಅಂದರು. ನನಗೂ ಅದೇ ಸರಿ ಅನ್ನಿಸಿತು. ಬೂಟಿನಡಿ ತಲೆ ಇತ್ತು, ಅದೃಷ್ಟಕ್ಕೆ ದೊಡ್ಡ ಏಟಾಗಲಿಲ್ಲ.

ಆ ತಲೆ 21 ವರ್ಷದ ಕಿಯನ್ ಹೀಲಿಯದ್ದು. ಅವನೂ ಪ್ರಾಪ್. ಎಡಗಡೆಯವನು.

ಆರು ವಾರ ಕಳೆದು, ನವೆಂಬರ್ 15ರಂದು, ಕ್ರೋಕ್ ಪಾರ್ಕ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಹೀಲಿ ದೇಶಕ್ಕೆ ಮೊದಲ ಸಲ ಆಡಿದ. ಒಂದನೇ ನಂಬರ್ ಹೀಲಿ, ಎರಡನೇ ನಂಬರ್ ಫ್ಲಾನರಿ, ಮೂರನೇ ನಂಬರ್ ಹೇಯ್ಸ್. ಹೊಸ ಎಡಗಡೆ ಎತ್ತನ್ನು ಹಳೆಯ ಬಲಗಡೆ ಎತ್ತಿನ ಜೊತೆ ಒಂದೇ ನೊಗಕ್ಕೆ ಕಟ್ಟಿದ ಹಾಗೆ. ಪಂದ್ಯ 20-20ರಲ್ಲಿ ಸಮ ಆಯಿತು. ನನಗೆ ಆ ಪಂದ್ಯದಲ್ಲಿ ಬೇರೆ ಏನೂ ಅಷ್ಟು ನೆನಪಿಲ್ಲ. ಮೊದಲ ಸ್ಕ್ರಮ್‌ಗೆ ಮೂವರೂ ಒಬ್ಬರನ್ನೊಬ್ಬರು ತಬ್ಬಿ ಹಿಡಿದುಕೊಂಡದ್ದು ನೆನಪಿದೆ.

2010ರ ಫೆಬ್ರವರಿ 27ರಂದು ಲಂಡನ್ನಿನ ಟ್ವಿಕನಂನಲ್ಲಿ ಇಂಗ್ಲೆಂಡ್ ವಿರುದ್ಧ ಹೇಯ್ಸ್ ತನ್ನ ನೂರನೇ ಪಂದ್ಯ ಆಡಿದ. ಐರ್ಲೆಂಡಿಗೆ ನೂರು ಪಂದ್ಯ ಆಡಿದ ಮೊದಲ ಮನುಷ್ಯ. ಬ್ರಯನ್ ಓಡ್ರಿಸ್ಕಾಲ್ ಅನ್ನುವ ಮಹಾ ಆಟಗಾರನಿಗೂ ಮುಂಚೆ. ಓಡ್ರಿಸ್ಕಾಲ್ ನೂರು ಮುಟ್ಟಿದ್ದು ಮುಂದಿನ ಪಂದ್ಯದಲ್ಲಿ. ಐರ್ಲೆಂಡ್ 20-16ರಿಂದ ಗೆದ್ದಿತು. ಆ ಸಂಜೆ ನಮ್ಮ ಬೀದಿಯ ಪಬ್‌ನಲ್ಲಿ ಮೂರನೇ ನಂಬರ್ ಹಾಕಿದ ಹಳೇ ಅಂಗಿಗಳು ಬಹಳ ಕಂಡವು. ಹೊಟ್ಟೆ ಬಂದ, ಕಿವಿ ಮುದುಡಿದ, ಅಗಲ ಕತ್ತಿನ ಹಿರಿಯರು. ಎಲ್ಲರೂ ಒಂದು ಕಾಲದ ಪ್ರಾಪ್‌ಗಳು. ತಮ್ಮವನೊಬ್ಬ ಎಲ್ಲರಿಗಿಂತ ಮೊದಲು ಅಲ್ಲಿಗೆ ಹೋದ ಅನ್ನುವ ಖುಷಿ ಅವರದ್ದು.

ಒಟ್ಟು 105 ಪಂದ್ಯ. ಕೊನೆಯದು 2011ರ ಆಗಸ್ಟ್‌ನಲ್ಲಿ, ಮೊದಲಿನದರ ಹಾಗೇ ಸ್ಕಾಟ್ಲೆಂಡ್ ವಿರುದ್ಧ. ಆ ವರ್ಷದ ವಿಶ್ವಕಪ್ ನ್ಯೂಜಿಲೆಂಡ್‌ನಲ್ಲಿ. ಅವನು ದೊಡ್ಡವನಾಗಿ ಬೆಳೆದ ನಾಡಿನಲ್ಲಿ. ಆ ತಂಡದಲ್ಲಿ ಅವನ ಹೆಸರಿರಲಿಲ್ಲ. 37 ದಾಟಿತ್ತು, ಮೈ ಸೋತಿತ್ತು, ಆಯ್ಕೆ ತಪ್ಪು ಅಂತ ಹೇಳಲಾರೆ. ಆದರೂ ನನಗೆ ಬೇಜಾರಾಯಿತು. ಮಾಲೀಕರಿಗೆ ಇನ್ನೂ ಜಾಸ್ತಿ.

2011ರ ಡಿಸೆಂಬರ್ 26. ಕ್ರಿಸ್‌ಮಸ್ ಮರುದಿನ. ಲಿಮರಿಕ್‌ನ ಥೋಮಂಡ್ ಪಾರ್ಕ್‌ ಮೈದಾನದಲ್ಲಿ ಮನ್‌ಸ್ಟರ್‌ಗೂ ಕನಾಟ್‌ಗೂ ಪಂದ್ಯ. ಅದೇ ಹೇಯ್ಸ್‌ನ ಕೊನೆಯ ಆಟ. ಇಬ್ಬರೂ ಹೋದೆವು. ಅವನು ಹೊರಗೆ ಬರುವಾಗ ಇಡೀ ಮೈದಾನ ಎದ್ದು ನಿಂತಿತು. ಅವನಿಗೆ ಅದು ಹಿತವಾದ ಹಾಗೆ ಕಾಣಲಿಲ್ಲ. ತಲೆ ಬಗ್ಗಿಸಿಕೊಂಡು ನಡೆದ. ನನ್ನ ಪಕ್ಕದಲ್ಲಿ ಮಾಲೀಕರು ಚಪ್ಪಾಳೆ ತಟ್ಟಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ಅವನು ಹೋದಮೇಲೆ ಏನಾಯಿತು ಅನ್ನುವುದನ್ನು ಮೂರೇ ತಿಂಗಳಿಗೆ ನೋಡಿದೆವು.

2012ರ ಮಾರ್ಚ್ 17. ಸೇಂಟ್ ಪ್ಯಾಟ್ರಿಕ್ ದಿನ. ಮತ್ತೆ ಟ್ವಿಕನಂ, ಮತ್ತೆ ಇಂಗ್ಲೆಂಡ್. ಹೇಯ್ಸ್‌ನ ಜಾಗಕ್ಕೆ ಬಂದಿದ್ದವನು ಮೈಕ್ ರಾಸ್. ಒಳ್ಳೆಯ ಸ್ಕ್ರಮ್ ಆಟಗಾರ, ಸ್ಕ್ರಮ್‌ನಲ್ಲಿ ಹೇಯ್ಸ್‌ಗಿಂತ ಒಂದು ಕೈ ಮೇಲು ಅಂತಲೇ ಹೇಳಬಹುದು. ಮೊದಲಾರ್ಧದಲ್ಲೇ ಅವನ ಕತ್ತಿಗೆ ಏಟಾಗಿ ಹೊರಗೆ ಹೋದ. ಆಗ ಪಂದ್ಯದ ತಂಡ 22 ಜನರದ್ದು. ಬೆಂಚಿನಲ್ಲಿ ಒಬ್ಬನೇ ಪ್ರಾಪ್. ಎರಡೂ ಕಡೆಗೆ ಅವನೇ ಆಗಬೇಕು. ಆ ದಿನ ಬೆಂಚಿನಲ್ಲಿದ್ದವನು ಟಾಮ್ ಕೋರ್ಟ್. ಎಡಗಡೆಗೆ ಪಳಗಿದವನು. ಅವನನ್ನು ಬಲಕ್ಕೆ ಕಟ್ಟಿದರು.

ಮುಂದಿನ ಒಂದು ಗಂಟೆ ನೋಡಲಾಗಲಿಲ್ಲ. ಸ್ಕ್ರಮ್ ಮೇಲೆ ಸ್ಕ್ರಮ್ ಕುಸಿಯಿತು. ಪೆನಾಲ್ಟಿ ಮೇಲೆ ಪೆನಾಲ್ಟಿ. ಒಂದು ಪೆನಾಲ್ಟಿ ಟ್ರೈ ಕೂಡ, ಅಂದರೆ ತಪ್ಪಿಗೆ ಶಿಕ್ಷೆಯಾಗಿ ರೆಫರಿ ಎದುರಾಳಿಗೆ ನೇರವಾಗಿ ಕೊಡುವ ಅಂಕ. ಇಂಗ್ಲೆಂಡ್ 30-9ರಿಂದ ಗೆದ್ದಿತು. ಕೋರ್ಟ್‌ನನ್ನು ಬೈದವರು ಬಹಳ. ಅದು ಅನ್ಯಾಯ. ಅವನು ದುರ್ಬಲ ಅಲ್ಲ, ಹೆದರಿದವನೂ ಅಲ್ಲ. ಎಡದ ಎತ್ತು ಬಲದಲ್ಲಿ ಇತ್ತು ಅಷ್ಟೇ. ನನ್ನ ತಾತ ಆ ಸೋಫಾದಲ್ಲಿ ಕೂತಿದ್ದರೆ ಮೊದಲ ಸ್ಕ್ರಮ್‌ಗೇ ಎದ್ದು ಬಿಡಿಸಿ ಕಟ್ಟುತ್ತಿದ್ದರು. ಆಮೇಲಿನ ವರ್ಷ ಸಿಕ್ಸ್ ನೇಷನ್ಸ್‌ಗೆ 23 ಜನರ ತಂಡ ಬಂತು. ಬೆಂಚಿನಲ್ಲಿ ಎಡಕ್ಕೊಬ್ಬ, ಬಲಕ್ಕೊಬ್ಬ. ಐರ್ಲೆಂಡಿನಲ್ಲಿ ಟೈಟ್‌ಹೆಡ್‌ಗಳನ್ನು ಹುಡುಕಿ ಬೆಳೆಸುವ ಮಾತು ಜೋರಾಗಿ ಶುರುವಾಯಿತು. ಕೆಲವು ವರ್ಷಕ್ಕೆ ವೆಕ್ಸ್‌ಫರ್ಡ್‌ನ ಒಂದು ಹೊಲಮನೆಯಿಂದ ಟೈಗ್ ಫರ್ಲಾಂಗ್ ಬಂದ. ಅವನೂ ರೈತನ ಮಗ. ಸ್ಕ್ರಮ್ ಹಿಡಿಯುತ್ತಾನೆ, ಅದರ ಜೊತೆಗೆ ಚೆಂಡು ಹಿಡಿದು ಪಕ್ಕಕ್ಕೆ ಹೆಜ್ಜೆ ಹಾಕಿ ಎದುರಾಳಿಯನ್ನು ತಪ್ಪಿಸಿ ಓಡುತ್ತಾನೆ. ಪ್ರಾಪ್‌ಗಳು ಅದನ್ನೆಲ್ಲ ಮಾಡಬಹುದು ಅಂತ ಹೇಯ್ಸ್ ಕಾಲದಲ್ಲಿ ಯಾರೂ ಅಂದುಕೊಂಡಿರಲಿಲ್ಲ.

ಹೀಲಿಯ ಕಥೆ ಇನ್ನೂ ಉದ್ದ. 2015ರಲ್ಲಿ ಕತ್ತಿನ ಗಾಯದಿಂದ ನರಕ್ಕೆ ಪೆಟ್ಟಾಗಿ ಅವನ ಬಲಗೈಯ ಶಕ್ತಿ ಹೋಗಿತ್ತು. ಆಟ ಮುಗಿಯಿತು ಅನ್ನುವ ಮಟ್ಟಕ್ಕೆ ಬಂದಿತ್ತು. ಅಲ್ಲಿಂದ ವಾಪಸ್ ಬಂದು, 2024ರಲ್ಲಿ ಓಡ್ರಿಸ್ಕಾಲ್‌ನ 133 ಪಂದ್ಯಗಳ ದಾಖಲೆ ದಾಟಿ, 137ಕ್ಕೆ ನಿಲ್ಲಿಸಿದ. 2025ರ ಮಾರ್ಚ್‌ನಲ್ಲಿ, ರೋಮ್‌ನಲ್ಲಿ, ಇಟಲಿ ವಿರುದ್ಧ ಅವನ ಕೊನೆಯ ಪಂದ್ಯ. ಐರ್ಲೆಂಡಿಗೆ ನೂರು ಮುಟ್ಟಿದ ಮೊದಲಿಗ ಒಬ್ಬ ಪ್ರಾಪ್. ಅತಿ ಹೆಚ್ಚು ಆಡಿದವನೂ ಒಬ್ಬ ಪ್ರಾಪ್. ಬಲಗಡೆಯವನು ಒಬ್ಬ, ಎಡಗಡೆಯವನು ಒಬ್ಬ. ಆ ಸುದ್ದಿ ಓದಿದ ದಿನವೇ ಇದನ್ನೆಲ್ಲ ಬರೆಯಬೇಕು ಅನ್ನಿಸಿದ್ದು.

ಹೇಯ್ಸ್ ಆಟ ಬಿಟ್ಟು ಕ್ಯಾಪಮೋರ್‌ಗೆ ವಾಪಸ್ ಹೋದ. ದನ, ಹುಲ್ಲು, ಮಳೆ. ಟೀವಿಯಲ್ಲಿ ಕೂತು ವಿಶ್ಲೇಷಣೆ ಮಾಡುವವರ ಸಾಲಿಗೆ ಸೇರಲಿಲ್ಲ.

ನಾನು 2012ರ ಬೇಸಿಗೆಯಲ್ಲಿ ಭಾರತಕ್ಕೆ ಮರಳಿದೆ. ಆ ದಸರಾಕ್ಕೆ ಊರಿಗೆ ಹೋದಾಗ ತಾತನಿಗೆ ಲ್ಯಾಪ್‌ಟಾಪ್‌ನಲ್ಲಿ ಹಳೆಯ ಪಂದ್ಯವೊಂದನ್ನು ತೋರಿಸಿದೆ. ಎತ್ತುಗಳನ್ನು ಮಾರಿ ಆಗಲೇ ವರ್ಷಗಳಾಗಿದ್ದವು. ಹಟ್ಟಿಯಲ್ಲಿ ನೊಗ ಮಾತ್ರ ಗೋಡೆಗೆ ಒರಗಿತ್ತು. ಆಟದ ಬಗ್ಗೆ ನಾನು ಏನೂ ಹೇಳಲಿಲ್ಲ. ಸ್ಕ್ರಮ್ ಬಂದಾಗ ತಾತ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ಚೆಂಡು ಹೊರಗೆ ಹೋಗಿ ಎಲ್ಲರೂ ಓಡಿದರು. ತಾತನ ಕಣ್ಣು ಓಡಲಿಲ್ಲ. ನೆಲದಿಂದ ಎದ್ದು ನಿಧಾನಕ್ಕೆ ನಡೆಯುತ್ತಿದ್ದ ಮೂರನೇ ನಂಬರ್ ಮೇಲೇ ಇತ್ತು.

"ಆ ಬಲಗಡೆಯೋನಿಗೆ ಭಾರ ಜಾಸ್ತಿ ಬೀಳ್ತದೆ ಕಣೋ" ಅಂದರು.

"ಹೌದು ತಾತ."

"ಇನ್ನೂ ಆಡ್ತಾನಾ?"

"ಇಲ್ಲ, ಹೋದ ವರ್ಷ ಬಿಟ್ಟ."

"ಜಮೀನು ಐತಾ?"

"ಐತೆ. ದನ ಸಾಕ್ತಾನೆ."

"ಹಂಗಾದ್ರೆ ಸರಿ" ಅಂತ ಹೇಳಿ ತಾತ ಹಿಂದಕ್ಕೆ ಒರಗಿ ಕೂತರು. "ಇನ್ನೊಂದ್ ಸಲ ಹಾಕು, ನೋಡಾಣ."